ಎರಡನೇ ಮೈಕು ಯಾರಿಗೆ

ಮಾರ್ಚ್ ೧೨, ಗುರುವಾರ

ಚಿಕ್ಕಮ್ಮನ ಹಾಡು ರೆಕಾರ್ಡ್ ಮಾಡಲು ಕೊನೆಗೂ ಸೌಂಡ್ ಕಾರ್ಡ್ ಕೊಂಡೇಬಿಟ್ಟೆ. ಮೂರು ವಾರದ ತಲೆನೋವು ಹತ್ತೇ ನಿಮಿಷದಲ್ಲಿ ಮುಗಿಯಿತು. ಅಂಗಡಿಯವನು ಪ್ರತಿ ಕಾರ್ಡಿಗೂ ಹಾಡು ಹಾಕಿ ತೋರಿಸುತ್ತಿದ್ದ. ನಾನು ನನ್ನ ಮೈಕು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೂತೆ.

"ಏನ್ ಕೇಳ್ತಿದ್ದೀರಿ? ಏನೂ ಬರ್ತಿಲ್ವಲ್ಲ!"

"ಅದನ್ನೇ ಕೇಳ್ತಿದ್ದೀನಿ."

ಎರಡು ಕಾರ್ಡು ಗುಂಯ್ ಅಂದವು. ಮೂರನೆಯದು ತುಟಿ ಬಿಚ್ಚಲಿಲ್ಲ. ಅದನ್ನೇ ತಂದೆ. ಅದರಲ್ಲಿ ಎರಡು ಮೈಕಿಗೆ ಜಾಗ. "ಹಾಡೋರು ಒಬ್ರೇ ಅಂದ್ಮೇಲೆ ಎರಡ್ಯಾಕೆ?" ಎಂದ. ಇರಲಿ ಬಿಡಿ ಎಂದೆ.

ಸಂಜೆ ಚಿಕ್ಕಮ್ಮನನ್ನು ಹಾಡಲು ಕೂರಿಸಿದೆ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಅವಳ ಹೊಲಿಗೆ ಮೆಷಿನ್ನಿಗೂ ಬಟ್ಟೆ ಹೊದಿಸಿದ್ದೆ. ಮೂವತ್ತು ವರ್ಷ ಅದನ್ನು ತುಳಿಯುತ್ತಲೇ ಹಾಡಿದವಳು ಎರಡನೇ ಸಾಲಿಗೇ ತಾಳ ತಪ್ಪಿದಳು. ಮತ್ತೆ ಹಾಡಿ ಮತ್ತೆ ತಪ್ಪಿದಳು. "ವಯಸ್ಸಾಯ್ತು ಕಣೋ, ಬಿಟ್ಬಿಡು" ಎಂದು ಮುಖ ಚಿಕ್ಕದು ಮಾಡಿಕೊಂಡಳು. ಅಷ್ಟರಲ್ಲಿ ಕೆಳಗೆ ಕಣ್ಣು ಹೋಯಿತು. ಅವಳ ಕಾಲು ಬರಿ ನೆಲವನ್ನು ತುಳಿಯುತ್ತಿತ್ತು.

ನನ್ನ ದಡ್ಡತನಕ್ಕೆ ನಗು ಬಂತು. ತಾಳ ಹಾಕುವವರನ್ನು ಹೊರಗಟ್ಟಿ ಹಾಡು ಅಂದರೆ ಯಾರು ತಾನೇ ಹಾಡುತ್ತಾರೆ? ನಾಳೆ ಅವಳನ್ನು ಮೆಷಿನ್ ಮುಂದೆಯೇ ಕೂರಿಸುತ್ತೇನೆ. ಒಂದು ಮೈಕು ಅವಳ ಬಾಯಿಗೆ, ಇನ್ನೊಂದು ಪೆಡಲಿಗೆ. ಇದು ಸರಿಯಾಗಿಯೇ ಆಗುತ್ತದೆ, ಅನುಮಾನವೇ ಇಲ್ಲ.

ವಿಷಯ ಹೇಳಿದಾಗಿನಿಂದ ಅವಳಿಗೂ ನಿದ್ದೆ ಇಲ್ಲ. ಈಗಷ್ಟೇ ಬಾಗಿಲಿಗೆ ಬಂದು, "ಒಂದು ದಿಂಬಿನ ಕವರ್ ಹೊಲಿಯೋದಿದೆ, ಅದನ್ನ ಇಟ್ಕೊಂಡು ಹಾಡ್ಲಾ?" ಎಂದಳು.

"ಹಾಡು ಉದ್ದ ಇದೆ ಚಿಕ್ಕಮ್ಮ, ಪರದೆ ಇಟ್ಕೋ" ಎಂದೆ.