ಒಂದು ಮೊಳದ ವ್ಯತ್ಯಾಸ

ಮಾರ್ಚ್ ೧೪, ಶುಕ್ರವಾರ

ಕೊಳ್ಳಬೇಕಾದ ಎಸ್‌ಯುವಿ ಉದ್ದದ್ದೋ ಗಿಡ್ಡದೋ, ಇವತ್ತೂ ತೀರ್ಮಾನವಾಗಲಿಲ್ಲ. ಇರುವುದು ಒಂದು ಮೊಳದ ವ್ಯತ್ಯಾಸ. ಗಿಡ್ಡದು ಕಾಡುದಾರಿಯಲ್ಲಿ ಸಲೀಸಾಗಿ ತಿರುಗುತ್ತದೆ. ಉದ್ದದ್ದು ದಿಬ್ಬ ಕಂಡಲ್ಲೆಲ್ಲ ಹೊಟ್ಟೆ ಉಜ್ಜಿಕೊಳ್ಳುತ್ತದೆ. ಆದರೆ ಬೆನ್ನಿನ ಆಪರೇಷನ್ ಆದಮೇಲೆ ಇವಳು ಗಂಟೆಗೊಮ್ಮೆ ಕಾಲು ಚಾಚಿ ಮಲಗಬೇಕು. ಗಿಡ್ಡದರಲ್ಲಿ ಅದಾಗದು.

ಶೋರೂಮಿನಲ್ಲಿ ಉದ್ದದ್ದರ ಹಿಂದಿನ ಸೀಟು ಮಡಚಿಸಿ, ಇವಳನ್ನು ಮಲಗಿಸಿ ನೋಡಿದೆ.

"ಥೇಟ್ ಆಂಬುಲೆನ್ಸು ಕಣ್ರೀ," ಎಂದಳು ಛಾವಣಿ ನೋಡುತ್ತಾ. "ಗಿಡ್ಡದೇ ತಗೊಳ್ಳಿ. ನಾನು ಮನೇಲಿರ್ತೀನಿ. ಫೋಟೋ ತಂದು ತೋರಿಸಿ, ಸಾಕು."

ಇಪ್ಪತ್ತು ವರ್ಷ ಕಾಡು ಸುತ್ತುವಾಗೆಲ್ಲ ಪಕ್ಕದಲ್ಲಿ ಕೂತು, ನಕ್ಷೆ ತಲೆಕೆಳಗಾಗಿ ಹಿಡಿದು ದಾರಿ ತಪ್ಪಿಸಿದವಳು! ಇನ್ನು ನಾನೊಬ್ಬನೇ ತಪ್ಪಬೇಕಂತೆ.

ನಾಳೆ ಉದ್ದದ್ದನ್ನೇ ಬುಕ್ ಮಾಡುತ್ತೇನೆ. ತಿರುಗಿಸಲಾಗದ ಕಡೆ ರಿವರ್ಸ್‌ನಲ್ಲೇ ಬಂದರಾಯಿತು. ಬರುತ್ತೀಯಾ ಎಂದು ಕೇಳಲು ಮಾತ್ರ ಧೈರ್ಯ ಸಾಲದೆ, ಇಲ್ಲಿ ಬರೆಯುತ್ತಾ ಕೂತಿದ್ದೇನೆ.