ಬ್ರೇಕ್ ಸರಿಯಾಗಿತ್ತು

ಜನವರಿ 9, 2024. ಮಂಗಳವಾರ

ಬೆಳಗ್ಗೆ ಐದೂವರೆಗೆ ಜಯನಗರ ಬಿಟ್ಟೆ. ಬೇಗೂರಿನ ವರ್ಕ್‌ಶಾಪ್. ಅದರ ಹಿಂದಿನ ನಮ್ಮದೇ ಟೆಸ್ಟ್ ರಸ್ತೆಯಲ್ಲಿ ಹನ್ನೆರಡು ಸುತ್ತು. ಗುರುತಿಗೆ ಇಟ್ಟ ರಬ್ಬರ್ ಕೋನ್‌ಗಳಲ್ಲಿ ಎಡಗಡೆಯ ಮೂರು ಕಾರು ತಾಗಿ ಬಿದ್ದವು. ಬಿದ್ದದ್ದು ಗೊತ್ತೇ ಆಗಲಿಲ್ಲ. ಯಲ್ಲಯ್ಯ ಎತ್ತಿಡುತ್ತಾ ನನ್ನ ಮುಖ ನೋಡಿದರು. ಹದಿನಾರು ವರ್ಷದಿಂದ ನನ್ನ ಮೆಕ್ಯಾನಿಕ್, ಮೊದಲ ವಲೆಂತಾ ಕಾರು ಹಡಗಿನಿಂದ ಇಳಿದ ದಿನದಿಂದ. ಈಗ ನಾಲ್ಕು ಕಾರು, ನಾಲ್ಕೂ ವಲೆಂತಾ. ಬೇರೆ ಕಾರಿನ ರೇಸ್ ಟೀಮಿನವರು ಕರೆದು ಡ್ರೈವರ್ ಸೀಟು ಕೊಟ್ಟರೂ ನಾನು ಹೋಗಲಿಲ್ಲ. ಹೆಂಡತಿ ತೇಜಸ್ವಿನಿ ಈಗಲೂ ಅಣಕಿಸುತ್ತಾಳೆ — "ನನ್ನ ನೋಡಕ್ಕೆ ಬಂದಾಗ್ಲೂ ಅದರದ್ದೇ ಟೀ-ಶರ್ಟ್ ಹಾಕ್ಕೊಂಡಿದ್ರಿ."

ಜನವರಿ 12

ಕಣ್ಣಿನ ಡಾಕ್ಟರು. ಗ್ಲಾಕೋಮಾ. ಎಡಪಕ್ಕದ ನೋಟ ಹೆಚ್ಚುಕಡಿಮೆ ಹೋಗಿದೆ. ಹೋದದ್ದು ಬರುವುದಿಲ್ಲ.

"ಇನ್ನು ಗಾಡಿ ಓಡಿಸ್ಬೇಡಿ ಸಾರ್."

ಫೆಬ್ರವರಿ ಕೊನೆಗೆ ಚೆನ್ನೈ ರೇಸ್. ಅದೊಂದು ಮುಗಿಯಲಿ... ಹೆಂಡತಿಗೆ, ಕನ್ನಡಕದ ಪವರ್ ಬದಲಾಗಿದೆ ಅಂದೆ.

ಜನವರಿ 23

ಯಲ್ಲಯ್ಯ ಕೇಳಿಯೇಬಿಟ್ಟರು. "ಎಡಗಡೆ ಕಾಣಲ್ವಾ ಸಾರ್?"

"ನಿಮ್ಮ ಕೆಲಸ ನೋಡ್ಕೊಳ್ಳಿ."

ಅವರ ಹತ್ತಿರ ಎಂದೂ ಹಾಗೆ ಮಾತಾಡಿರಲಿಲ್ಲ. ಮಧ್ಯಾಹ್ನವಿಡೀ ಒಬ್ಬರೇ ಕೂತು ನಾಲ್ಕೂ ಚಕ್ರ ಬಿಚ್ಚಿ ಹೊಸ ಬ್ರೇಕ್ ಪ್ಯಾಡ್ ಹಾಕಿದರು.

ಜನವರಿ 31

ಬರೆಯಬೇಕು. ಇಪ್ಪತ್ತೈದನೇ ತಾರೀಕು, ಬೆಳಗ್ಗೆ ಏಳು. ಬಿದ್ದ ಕೋನ್ ಎತ್ತಲು ಯಲ್ಲಯ್ಯ ರಸ್ತೆಗೆ ಇಳಿದಿದ್ದರು. ನಿಲ್ಲಿಸಿ ಎಂದು ಕೈ ಎತ್ತಿದ್ದರಂತೆ — ವಾಚ್‌ಮನ್ ಗಂಗಯ್ಯ ನೋಡಿದ್ದಾನೆ. ನನಗೆ ಕಂಡದ್ದು ಖಾಲಿ ರಸ್ತೆ. ಸದ್ದಾದ ಮೇಲೆ ಬ್ರೇಕ್ ಒತ್ತಿದೆ. ಕಾರು ಅಲ್ಲೇ ನಿಂತಿತು.

ಆಸ್ಪತ್ರೆ ತಲುಪುವ ಮೊದಲೇ ಹೋದರು. ತಲೆ ನನ್ನ ತೊಡೆಯ ಮೇಲಿತ್ತು. ಹೇಳಿಕೆ ಆಮೇಲೆ ಬರೆದುಕೊಡಿ ಅಂದರು ಪೊಲೀಸರು.

ಫೆಬ್ರವರಿ 3

ಮಾಧವ ಬಂದಿದ್ದ. ಕಾಲೇಜಿನ ಗೆಳೆಯ, ಈಗ ನನ್ನ ವಕೀಲ.

"ಬ್ರೇಕ್ ಫೇಲ್ ಅಂತ ಬರೀ ಶ್ರೀಕರ್. ಮಿಕ್ಕಿದ್ದು ನಾನು ನೋಡ್ಕೋತೀನಿ."

"ವಲೆಂತಾ ಬ್ರೇಕ್ ಫೇಲ್ ಆಗಲ್ಲ."

"ಕಂಪನಿ ಮೇಲೆ ತಪ್ಪು ಹಾಕು ಅಂತ ಯಾರು ಅಂದ್ರು? ಎರಡು ದಿನ ಮುಂಚೆ ಪ್ಯಾಡ್ ಹಾಕಿದ್ದು ಯಲ್ಲಯ್ಯ ತಾನೇ? ಸರಿಯಾಗಿ ಫಿಟ್ ಮಾಡಿರ್ಲಿಲ್ಲ. ಅಷ್ಟೇ."

ಅವನು ಹೇಳಿದ ಹಾಗೇ ಹೇಳಿಕೆ ಬರೆದು ಸಹಿ ಹಾಕಿದೆ.

ಇದನ್ನೂ ಬರೆಯಬೇಕು. ಮೊದಲು ಚುಚ್ಚಿದ್ದು ಕಾರಿನ ಹೆಸರು ಕೆಡುತ್ತದಲ್ಲ ಎಂಬುದು. ಯಲ್ಲಯ್ಯನ ಹೆಸರು ಬಂದಾಗ ಸ್ವಲ್ಪ ನೆಮ್ಮದಿಯಾಯಿತು.

ಫೆಬ್ರವರಿ 8

ಸಿದ್ದಾಪುರ. ಯಲ್ಲಯ್ಯನ ಮನೆ, ಮೂರನೇ ಮಹಡಿ. ಅವರ ಹೆಂಡತಿ ನಾಗಲಕ್ಷ್ಮಮ್ಮ ಕುರ್ಚಿ ಒರೆಸಿ ಹಾಕಿದರು.

"ಸ್ಟೇಷನ್ನಲ್ಲಿ ಹೇಳಿದ್ರು ಸಾರ್. ಬ್ರೇಕ್ ಇವ್ರೇ ಸರಿಯಾಗಿ ಹಾಕಿರ್ಲಿಲ್ವಂತೆ. ಯಾವತ್ತೂ ಹಂಗೆ ಮಾಡ್ದೋರಲ್ಲ. ವಯಸ್ಸಾಗಿತ್ತು, ಕೈ ತಪ್ಪಿರ್ಬೇಕು. ನಿಮ್ಮ ಜೀವಕ್ಕೇ ಬರ್ತಿತ್ತು. ಅವ್ರ ಪರವಾಗಿ ನಾನು ಕೇಳ್ತೀನಿ, ಕ್ಷಮಿಸ್ಬಿಡಿ."

ತಲೆಯಾಡಿಸಿದೆ. ಮೆಟ್ಟಿಲು ಇಳಿದು ಬಂದೆ.

ಫೆಬ್ರವರಿ 9, ಬೆಳಗ್ಗೆ 8

ತೇಜಸ್ವಿನಿಗೆ ಎಲ್ಲ ಹೇಳಿದೆ. ಡಾಕ್ಟರ ರಿಪೋರ್ಟ್ ಕೊಟ್ಟೆ. ಎರಡು ಸಲ ಓದಿದಳು.

"ಮೊದ್ಲು ಅವರ ಮನೆಗೆ ಹೋಗಿ. ನೀವೇ ಹೇಳ್ಬೇಕು. ಆಮೇಲೆ ಸ್ಟೇಷನ್. ಕಾರು ನಾನು ಓಡಿಸ್ತೀನಿ."

ಅದೇ ದಿನ, 12.20

ಸ್ಟೇಷನ್ನಿನ ಬೆಂಚು. ಪೆನ್ನು ತೇಜಸ್ವಿನಿಯದು.

ಮೊದಲು ಯಲ್ಲಯ್ಯನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಹೇಳಿದೆ. ಬ್ರೇಕ್ ಸರಿಯಾಗಿತ್ತು, ನನಗೆ ಕಣ್ಣು ಕಾಣುತ್ತಿರಲಿಲ್ಲ, ಅದು ನನಗೆ ಮೊದಲೇ ಗೊತ್ತಿತ್ತು ಎಂದು. ನಾಗಲಕ್ಷ್ಮಮ್ಮ ಅಳಲಿಲ್ಲ. ಬೈಯಲಿಲ್ಲ.

"ನಿನ್ನೆ ನಾನು ಕ್ಷಮೆ ಕೇಳ್ದಾಗ ತಲೆ ಆಡಿಸಿದ್ರಲ್ಲ ಸಾರ್" ಎಂದು ಬಾಗಿಲು ಹಾಕಿಕೊಂಡರು.

ಮಾಧವನ ಫೋನ್ ಬರುತ್ತಲೇ ಇದೆ. ಎತ್ತಿಲ್ಲ. ಹೇಳಿಕೆ ಹೊಸದಾಗಿ ಬರೆದುಕೊಡಬೇಕಂತೆ. ಇನ್‌ಸ್ಪೆಕ್ಟರ್ ಒಳಗೆ ಕರೆಯುತ್ತಿದ್ದಾರೆ. ತೇಜಸ್ವಿನಿ ಎದ್ದು ನಿಂತಳು. ಮೊದಲ ಸಾಲು ಯಲ್ಲಯ್ಯನ ಕೆಲಸದ ಬಗ್ಗೆಯೇ ಇರಬೇಕು, ಆಮೇಲೆ ನಾನು —