ಒಂದು ಮನೆ ಬೇಡ ಎಂದರೆ

ಹಿರೇಹಡಗಲಿ
ಶುಕ್ರವಾರ, ೧೦ ಅಕ್ಟೋಬರ್ ೨೦೨೫

ಮೊಮ್ಮಗಳು ಸಂಗೀತಾಳಿಗೆ ಅಜ್ಜಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ. ನೀನೂ ಆರಾಮ ಇರಬೇಕು, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಿಮ್ಮಪ್ಪನಿಗೆ ಹತ್ತು ಸಲ ಫೋನ್ ಮಾಡಿರುತ್ತಿದ್ದೆ. ನೀನು ಕೇಳಿದ್ದಕ್ಕೆ ನಾನೂ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಫೋನಿನಲ್ಲಿ ನನಗೆ ಬೈಯಲು ಮಾತ್ರ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಯುರೋಪಿನ ದೇಶಗಳು ಇನ್ನೂ ಹತ್ತಿರವಾಗಿ, ನಮ್ಮ ರಾಜ್ಯಗಳೆಲ್ಲ ಸೇರಿ ಭಾರತವಾದಂತೆ, ಒಂದೇ ಒಕ್ಕೂಟ ಆಗಬೇಕೇ ಬೇಡವೇ ಎಂಬುದು ಕೊಟ್ಟೂರಿನಲ್ಲಿ ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯ. ಆಗಬೇಕು ಎನ್ನುವ ಪಕ್ಷ ನಿನ್ನ ಪಾಲಿಗೆ ಬಂದಿದೆ. "ಅಜ್ಜಿ, ನೀ ಬ್ಯಾಡ ಅನ್ನಾಕಿ ಅಂತ ನನಗ ಗೊತ್ತೈತಿ. ಯಾಕ ಬ್ಯಾಡ ಅಂತ ಹೇಳು, ಅದಕ್ಕ ನಾ ಉತ್ತರ ಹುಡುಕ್ತೀನಿ" ಎಂದೆ. ಹಿರಿಯರನ್ನು ಕೇಳುವ ರೀತಿ ಅದಲ್ಲ. ಆದರೂ ನೀನು ಕಳಿಸಿದ ಹಾಳೆಗಳನ್ನು ಎರಡು ಸಲ ಓದಿದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಕನ್ನಡಕ ಇದ್ದರೆ ಏನನ್ನೂ ಓದಬಲ್ಲೆ.

ಇಪ್ಪತ್ತೇಳು ದೇಶ. ಮಾತು ಬೇರೆ, ಊಟ ಬೇರೆ. ಬಹುಪಾಲು ದೇಶಗಳಿಗೆ ಒಂದೇ ನಾಣ್ಯ. ಆದರೆ ತೆರಿಗೆ, ಹೊರದೇಶಗಳ ಜೊತೆಗಿನ ಸ್ನೇಹ-ಜಗಳ, ಇಂಥ ದೊಡ್ಡ ಮಾತು ಬಂದಾಗ ಒಂದು ದೇಶ ಬೇಡ ಎಂದರೆ ಉಳಿದ ಇಪ್ಪತ್ತಾರೂ ಕೈಕಟ್ಟಿ ಕೂರಬೇಕು. ಅಲ್ಲಿಗೆ ಬಂದಾಗ ಹಾಳೆ ಮಡಿಚಿಟ್ಟೆ.

ಅದೇ ದಿನ ಮೂಲೆಮನೆಯ ಓಬಣ್ಣ ಬಂದ. ನನ್ನ ಮೈದುನನ ಹೆಂಡತಿ, ನಿನ್ನ ಸಣ್ಣಜ್ಜಿ ಚೌಡಕ್ಕ, ಅವನ ಕೈಲಿ ಹೇಳಿ ಕಳಿಸಿದ್ದಳು. ಒಂದೊಂದು ಮನೆಗೆ ಕಾಯುವ ಜನ ಸಾಲದು, ಹೋದ ವರ್ಷ ಇಬ್ಬರ ಹಿಂಡಿಗೂ ತೋಳ ನುಗ್ಗಿತು, ನಮ್ಮದು, ಅವಳದು, ಓಬಣ್ಣನದು, ಮೂರೂ ಮನೆಯ ಕುರಿ ಮೊದಲಿನಂತೆ ಕೂಡಿಸೋಣ, ದೀಪಾವಳಿಯೊಳಗೆ ಉತ್ತರ ಬೇಕು ಎಂದು. "ನೀವಿಬ್ರೂ ಮಾತು ಬಿಟ್ಟು ಹನ್ನೊಂದು ವರ್ಷ ಆತಬೇ. ನಡುವ ಸುದ್ದಿ ಹೊತ್ತು ಹೊತ್ತು ನನ್ನ ಚಪ್ಪಲಿ ಸವದಾವು" ಎಂದ ಓಬಣ್ಣ. ಅವನಿಗೆ ಚಹಾ ಕೊಟ್ಟೆ, ಉತ್ತರ ಕೊಡಲಿಲ್ಲ.

ಹಿಂಡು ಕೂಡಿದ್ದ ಕಾಲಕ್ಕೆ ನೀನು ಸಣ್ಣವಳು. ದೀಪಾವಳಿ ಮುಗಿದ ಮೇಲೆ ಮೂರು ಮನೆಯ ಕುರಿ ಒಟ್ಟಿಗೆ ಹೊಳೆಸಾಲಿಗೆ ಮೇಯಲು ಹೋಗುತ್ತಿದ್ದವು. ಕಿವಿ ಕತ್ತರಿಸಿದ ಗುರುತು ಅವರವರದು, ಒಲೆ ಅವರವರದು. ದಾರಿ, ನಾಯಿ, ಕಾವಲು ಎಲ್ಲರದು. ನನ್ನ ಅತ್ತೆ ಮೊದಲ ಸಲ ಕೂಡಿಸಿದಾಗ ಓಬಣ್ಣ ಅಂಜಿದ್ದ. "ನಿಮ್ಮ ಇನ್ನೂರರಾಗ ನನ್ನ ಹದಿನೆಂಟು ಕಳದು ಹೋದಂಗ ನನ್ನ ಮಾತೂ ಕಳದು ಹೋಗ್ತೈತಿ" ಎಂದಿದ್ದ. ಅದಕ್ಕೇ ಅತ್ತೆ ಬೀರಪ್ಪನ ಗುಡಿಯಲ್ಲಿ ಎಲ್ಲರ ಕೈಯಲ್ಲೂ ದೇವರ ಅರಿಶಿನದ ಭಂಡಾರ ಮುಟ್ಟಿಸಿ ಒಂದು ಕಟ್ಟಳೆ ಮಾಡಿದರು. ಯಾವ ಕೆಲಸಕ್ಕಾದರೂ ಒಂದು ಮನೆ ಬೇಡ ಎಂದರೆ ಆ ಕೆಲಸ ಇಡೀ ಹಿಂಡಿಗೇ ಇಲ್ಲ. ನಿನ್ನ ಎದುರು ಪಕ್ಷದವರು ಇದನ್ನೇ ಹೇಳುತ್ತಾರೆ, ಸಣ್ಣ ದೇಶ ದೊಡ್ಡದರ ಹೊಟ್ಟೆಗೆ ಹೋಗುತ್ತದೆ ಎಂದು. ಆಗ ನಗಬೇಡ. ಆ ಅಂಜಿಕೆ ನಿಜವಾದದ್ದು.

ಹನ್ನೊಂದು ವರ್ಷದ ಹಿಂದೆ ಸುತ್ತಲ ಹಳ್ಳಿಗಳ ಕುರಿಗೆ ಹಿರೇಬೇನೆ, ಒಂದರಿಂದ ಒಂದಕ್ಕೆ ಹತ್ತಿ ಕೊಲ್ಲುವ ರೋಗ, ಬಂತು. ಚೌಡಕ್ಕ ಪಶುವೈದ್ಯರನ್ನು ಕರೆತಂದಳು. ಲಸಿಕೆಯ ಡಬ್ಬಿ ಹಟ್ಟಿಯ ಬಾಗಿಲಿಗೇ ಬಂದಿತ್ತು. ನಾನು ಬೇಡ ಎಂದೆ. ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ ಎಂದೆ. ಹಾಗೇನೂ ಆಗುವುದಿಲ್ಲ ಎಂದು ವೈದ್ಯರು ಹೇಳಿದರು. ಓಬಣ್ಣ ಹೂಂ ಎಂದ. ಚೌಡಕ್ಕ, "ಅಕ್ಕಾ, ನಿನ್ನ ಕಾಲು ಹಿಡಿತೀನಿ, ಹೂಂ ಅನ್ನು" ಎಂದಳು. ನಾನು ಅನ್ನಲಿಲ್ಲ. ಡಬ್ಬಿ ಹಿಂದಕ್ಕೆ ಹೋಯಿತು.

ಅವಳು ತನ್ನ ಕುರಿಗಾದರೂ ಹಾಕಿಸಬಹುದಿತ್ತು. ಭಂಡಾರ ಮುಟ್ಟಿ ಕೊಟ್ಟ ಮಾತೆಂದು ಹಾಕಿಸಲಿಲ್ಲ. ಮೂಗು ಸೋರಿ, ಭೇದಿ ಹತ್ತಿ, ಹದಿನೈದು ದಿನದಲ್ಲಿ ಹಿಂಡು ಅರ್ಧವಾಯಿತು. ಓಬಣ್ಣನ ಹದಿನೆಂಟರಲ್ಲಿ ಎರಡು ಉಳಿದವು. ಉಳಿದ ಹಿಂಡೂ ಒಡೆಯಿತು, ನಮ್ಮಿಬ್ಬರ ಮಾತೂ ನಿಂತಿತು. ಚೌಡಕ್ಕ ಆಸೆಬುರುಕಿ, ಅವಳೇ ಹಿಂಡು ಒಡೆದಳು ಎಂದು ನಿಮಗೆಲ್ಲ ಹೇಳಿ ಬೆಳೆಸಿದವಳು ನಾನು. ಅದು ಸುಳ್ಳು.

ಗಬ್ಬದ ಕುರಿಯ ಮಾತೂ ನೆಪವೇ, ಸಂಗೀತಾ. ವೈದ್ಯರನ್ನು ಕರೆಯುವ ಮೊದಲು ಅವಳು ನನ್ನನ್ನು ಒಂದು ಮಾತು ಕೇಳಲಿಲ್ಲ. ಮನೆಗೆ ಹಿರಿಯಳು ನಾನು. ಇದ್ದ ಕಾರಣ ಅಷ್ಟೇ. ಬೇಡ ಎನ್ನುವ ಹಕ್ಕನ್ನು ಅತ್ತೆ ಸಣ್ಣ ಮನೆಗೆ ಊರುಗೋಲಾಗಿ ಕೊಟ್ಟಿದ್ದರು. ದೊಡ್ಡ ಮನೆಯವಳಾದ ನಾನು ಅದನ್ನು ಕಿತ್ತುಕೊಂಡು ಬಾಗಿಲಿಗೆ ಅಡ್ಡ ಇಟ್ಟೆ.

ನೀನು ಬೇಕಾದರೆ ಹೀಗೆ ಹೇಳು. ಒಲೆ, ದೇವರು, ಮಾತು, ಕಿವಿಯ ಗುರುತು, ಇವುಗಳಿಗೆ ಯಾರೂ ಕೈ ಹಾಕಬಾರದು. ಬೇನೆ ಮತ್ತು ತೋಳ ಮಾತ್ರ ಕಿವಿಯ ಗುರುತು ನೋಡಿ ಬರುವುದಿಲ್ಲ. ಅಂಥ ಕೆಲಸಕ್ಕೆ ಹೆಚ್ಚು ಮನೆಗಳು ಹೂಂ ಎಂದರೆ ಸಾಕು. ಎಣಿಸುವಾಗ ಕುರಿ ಎಣಿಸಬಾರದು, ಮನೆ ಎಣಿಸಬೇಕು; ಆಗ ಓಬಣ್ಣನೂ ಅಂಜಬೇಕಿಲ್ಲ. ಯುರೋಪಿನವರು ಇದಕ್ಕೆ ಒಪ್ಪುತ್ತಾರೋ ಇಲ್ಲವೋ ನಾನರಿಯೆ. ಬೇಡ ಎನ್ನುವ ಹಕ್ಕನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಸತ್ತ ಕುರಿಗಳನ್ನು ಕಣ್ಣಾರೆ ಕಂಡ ನನಗೇ ಇಷ್ಟು ವರ್ಷ ಬೇಕಾಯಿತು.

ಓಬಣ್ಣನಿಗೆ ಹೂಂ ಎಂದು ಹೇಳಿ ಕಳಿಸುವುದು ಸುಲಭ. ಅದಕ್ಕೂ ಮೊದಲು ಚೌಡಕ್ಕನಿಗೆ ಹೇಳಬೇಕಾದ ಮಾತಿದೆ. ಎರಡು ಸಲ ಅವಳ ಅಂಗಳದ ತನಕ ಹೋಗಿ ತಿರುಗಿ ಬಂದೆ.

ಸ್ಪರ್ಧೆಯಲ್ಲಿ ಗೆದ್ದರೆ ಸಂತೋಷ. ಸೋತರೆ ಅಳಬೇಡ, ನಮ್ಮ ಮನೆಯ ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ಅಳುವುದಿಲ್ಲ. ಬೆಳಿಗ್ಗೆ ಹಾಸ್ಟೆಲಿನಲ್ಲಿ ತಿಂಡಿ ತಿಂದೇ ಹೋಗು.

ನಿನ್ನ ಅಜ್ಜಿ,
ಬೊಮ್ಮಮ್ಮ

ಇನ್ನೊಂದು ಮಾತು: ಈ ಕಾಗದವನ್ನು ಅಂಚೆಗೆ ಹಾಕಿಲ್ಲ. ಚೌಡಕ್ಕ ಸೋಮವಾರ ಕೊಟ್ಟೂರಿನ ಗುಡಿಗೆ ಬರುತ್ತಾಳೆ. ಅವಳಿಗೆ ತಲುಪಿಸೆಂದು ಓಬಣ್ಣನ ಕೈಲಿ ಕೊಡುತ್ತಿದ್ದೇನೆ. ನಿನಗೆ ತಂದು ಕೊಟ್ಟವಳು ಅವಳೇ, ಈಗ ನಿನ್ನೆದುರಿಗೇ ನಿಂತಿರುತ್ತಾಳೆ. ಅವಳಿಗೆ ಓದು ಬಾರದು. ಕೂರಿಸಿ, ನೀರು ಕೊಟ್ಟು, ಮೊದಲಿನಿಂದ ಗಟ್ಟಿಯಾಗಿ ಓದಿ ಹೇಳು. ನನ್ನ ಮಾನ ಉಳಿಸಲೆಂದು ಒಂದು ಸಾಲನ್ನೂ ಹಾರಿಸಬೇಡ. ಕೇಳಿದ ಮೇಲೂ ಅವಳು ಹಿಂಡು ಕೂಡಿಸೋಣ ಎಂದರೆ ನನಗೆ ಫೋನ್ ಮಾಡಿ ಅವಳ ಕೈಗೆ ಕೊಡು. ಬೈಯುವುದಿಲ್ಲ.